ಅರ್ಬುದಚಿಕಿತ್ಸೆಯ ಕನ್ನಡ ಬರವಣಿಗೆಯಲ್ಲಿ ‘ಕಾಣು’ ಎಂಬ ಕ್ರಿಯಾಪದದ ವಿಚಾರ

ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಗ್ರಂಥಗಳಿರುವ ಭಾಷೆಯಲ್ಲಿ ವೈದ್ಯವಾಙ್ಮಯವು ಹೊಸದೆಂದು ಯಾರೂ ಹೇಳಲಾರರು. ಈ ಗ್ರಂಥಗಳ ಪಾಠಶೋಧನಕ್ಕೆ ವಿದ್ವಾಂಸರು ಸಲ್ಲಿಸಿರುವ ಶ್ರದ್ಧೆಯು ಪ್ರಶಂಸನೀಯವಾದುದು. ಆದರೆ ಇಂದು ಆಸ್ಪತ್ರೆಗಳ ತಿಳಿವಳಿಕೆಪತ್ರಗಳಲ್ಲಿಯೂ ವರ್ತಮಾನಪತ್ರಿಕೆಗಳ ಆರೋಗ್ಯದ ಪುಟಗಳಲ್ಲಿಯೂ ದಿನದಿನವೂ ಬೆಳೆಯುತ್ತಿರುವ ವೈದ್ಯಗದ್ಯವನ್ನು ಆ ಶ್ರದ್ಧೆಯ ಶತಾಂಶದಿಂದಲಾದರೂ ಪರೀಕ್ಷಿಸಿದವರು ವಿರಳ. ಸಾಹಿತ್ಯವಿಮರ್ಶಕರು ಅದನ್ನು ಸಾಹಿತ್ಯವೆಂದೆಣಿಸುವುದಿಲ್ಲ. ವೈದ್ಯರು ಅದನ್ನು ಭಾಷೆಯೆಂದೆಣಿಸುವುದಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಲೂ, 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದಾಗಲೂ ನಡೆದ ಪರಿಭಾಷಾಚರ್ಚೆಯು ಬಹುಮಟ್ಟಿಗೆ ನಾಮಪದಗಳದ್ದಾಗಿತ್ತು. ಯಾವ ವಸ್ತುವಿಗೆ ಯಾವ ಹೆಸರು ಎಂಬುದೇ ಅಲ್ಲಿಯ ಪ್ರಶ್ನೆ. ಕ್ರಿಯಾಪದಗಳನ್ನು ಯಾರೂ ವಿಚಾರಿಸಲಿಲ್ಲ. ಪ್ರಕೃತ ವಿಚಾರಕ್ಕೆ ಎತ್ತಿಕೊಂಡಿರುವ ವಿಷಯದಲ್ಲಿ ನಾಮಪದದ ದೋಷಕ್ಕಿಂತ ಕ್ರಿಯಾಪದದ ದೋಷವೇ ಹೆಚ್ಚು ಅನರ್ಥಕಾರಿಯಾದುದು.

ವಿಷಯವೆಂದರೆ, ಶರೀರದ ರಕ್ಷಕ ಜೀವಕೋಶಗಳನ್ನೇ ಔಷಧವನ್ನಾಗಿ ಮಾಡಿ ಕ್ಯಾನ್ಸರಿಗೆ ಚಿಕಿತ್ಸೆ ಮಾಡುವುದು, ಮತ್ತು ಆ ಜೀವಕೋಶಗಳು ಒಳಗೆ ಎಲ್ಲಿಗೆ ಹೋದುವು, ಏನು ಮಾಡಿದುವು ಎಂಬುದನ್ನು ಯಂತ್ರಚಿತ್ರಗಳಿಂದ ಅರಿಯುವುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ರೋಗಿಗಳಿಗೆ ಇದು ದೂರದ ಮಾತಲ್ಲ. ಈ ಊರುಗಳಿಂದ ಬೆಂಗಳೂರಿಗೆ ಒಂದೆರಡು ಗಂಟೆಯ ಪ್ರಯಾಣ. 1973ರಲ್ಲಿ ಆರಂಭವಾದ ಕಿದ್ವಾಯಿ ಗಂತಿಸಂಸ್ಥೆಯ ಹೆಸರು ಇಲ್ಲಿಯ ಹಳ್ಳಿಹಳ್ಳಿಗೂ ಪರಿಚಿತವಾದುದು. (ಹೆಸರುಗಳ ವಿಷಯದಲ್ಲಿ ಈ ಸೀಮೆಯೇ ಒಂದು ನಿದರ್ಶನ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಕ್ಲೋಸ್‌ಪೇಟೆಯೆನಿಸಿದ ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯ ಹೆಸರಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು; ಭೂವಿಜ್ಞಾನಿಗಳು ಮಾತ್ರ ಅಲ್ಲಿಯ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ.) ಹೊಸ ಔಷಧಗಳ ಪ್ರಯೋಗಕ್ಕೆ ಸಂಬಂಧಿಸಿದ 2019ರ ನಿಯಮಗಳ ಪ್ರಕಾರ ಪ್ರಯೋಗಕ್ಕೊಳಪಡುವವನಿಗೆ ಅವನು ಬಲ್ಲ ಭಾಷೆಯಲ್ಲಿಯೇ ವಿಷಯವನ್ನು ತಿಳಿಸಿ ಸಮ್ಮತಿಯನ್ನು ಪಡೆಯತಕ್ಕದ್ದು. ಆದುದರಿಂದ ಕುದೂರಿನ ಅಥವಾ ಸಾತನೂರಿನ ರೈತನೊಬ್ಬನು ಹೆಬ್ಬೆರಳೊತ್ತುವ ಕನ್ನಡ ವಾಕ್ಯವು ವಿಮರ್ಶೆಗೆ ಅರ್ಹವಲ್ಲವೆಂದು ತಳ್ಳಿಬಿಡುವಂತಿಲ್ಲ. ಕಾವ್ಯದಲ್ಲಿ ಶಬ್ದವು ತಪ್ಪಿದರೆ ರಸಭಂಗ; ಇಲ್ಲಿ ತಪ್ಪಿದರೆ ಚಿಕಿತ್ಸಾಭಂಗ.

ಮೊದಲು ರೋಗದ ಹೆಸರು. ‘ಅರ್ಬುದ’ವೆಂಬ ಶಬ್ದವನ್ನು ಕ್ಯಾನ್ಸರಿಗೆ ಪರ್ಯಾಯವಾಗಿ ಬಳಸುವುದು ಈಗ ರೂಢಿಯಾಗಿದೆ. ಸುಶ್ರುತನು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಗಲಗಂಡಗಳೊಡನೆ ಅರ್ಬುದವನ್ನು ಹೇಳಿ, ಅದು ದುಂಡಾಗಿ, ಅಲುಗದೆ, ಅಲ್ಪವಾದ ನೋವಿನಿಂದ ಕೂಡಿ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವಾಗದಿರುವ ಮಾಂಸದ ಉಬ್ಬರವೆಂದು ಲಕ್ಷಣ ಮಾಡಿದ್ದಾನೆ. ಒಂದರ ಮೇಲೊಂದು ಹುಟ್ಟುವುದಕ್ಕೆ ಅಧ್ಯರ್ಬುದ, ಜೋಡಿಯಾಗಿ ಹುಟ್ಟುವುದಕ್ಕೆ ದ್ವಿರರ್ಬುದ ಎಂಬ ಹೆಸರುಗಳನ್ನೂ ಕೊಟ್ಟಿದ್ದಾನೆ. ಚಿಕಿತ್ಸಾಸ್ಥಾನದಲ್ಲಿ, ಶೇಷವುಳಿದ ಅರ್ಬುದವು ಮತ್ತೆ ಬೇಗನೆ ಹುಟ್ಟುವುದೆಂದೂ ಆದುದರಿಂದ ನಿಶ್ಶೇಷವಾಗಿ ತೆಗೆಯತಕ್ಕದ್ದೆಂದೂ ಎಚ್ಚರಿಸಿದ್ದಾನೆ. ಇಷ್ಟು ಸಾದೃಶ್ಯವಿರುವಾಗ ಸ್ತನ, ಕರುಳು, ನಾಲಗೆ ಮೊದಲಾದೆಡೆಗಳ ಗಡ್ಡೆಗಳಿಗೆ ಆ ಶಬ್ದವನ್ನು ಸಲ್ಲಿಸುವುದರಲ್ಲಿ ಬಾಧಕವಿಲ್ಲ.

ಬಾಧಕವಿರುವುದು ‘ರಕ್ತಾರ್ಬುದ’ದಲ್ಲಿ. ರಕ್ತದ ಕ್ಯಾನ್ಸರೆಂದು ಜನರು ಹೇಳುವ ಲ್ಯುಕೀಮಿಯಾ ರೋಗಕ್ಕೆ ಈ ಸಮಾಸವನ್ನು ಹೊಸದಾಗಿ ಕಟ್ಟಿದೆವೆಂದು ಲೇಖಕರು ತಿಳಿದಂತಿದೆ. ಸುಶ್ರುತನಲ್ಲಿ ರಕ್ತಾರ್ಬುದವೆಂಬುದು ಮೊದಲೇ ಇದೆ. ಆದರೆ ಅದು ಬೇರೆ ರೋಗ. ದುಷ್ಟರಕ್ತದಿಂದ ಹುಟ್ಟಿ, ಮಾಂಸಾಂಕುರಗಳಿಂದ ಮುಚ್ಚಿ, ಎಡೆಬಿಡದೆ ರಕ್ತವನ್ನು ಸುರಿಸುವ ಉಬ್ಬರಕ್ಕೆ ಅವನಿಟ್ಟ ಹೆಸರು ಅದು. ಲ್ಯುಕೀಮಿಯಾದಲ್ಲಿ ಉಬ್ಬರವೆಂಬುದೇ ಇಲ್ಲದಿರಬಹುದು. ಎಲುಬಿನ ಮಜ್ಜೆಯಲ್ಲಿ ಹುಟ್ಟಿ ರಕ್ತದೊಡನೆ ಹರಿಯುವ ವ್ಯಾಧಿ ಅದು. ಆಯುರ್ವೇದವನ್ನೋದಿದವನು ಈ ಶಬ್ದವನ್ನು ಕಂಡರೆ ಬೇರೊಂದನ್ನು ಗ್ರಹಿಸುವನು. ಓದದವನು ಗಡ್ಡೆಯನ್ನು ಹುಡುಕುವನು. ಜನರ ಬಾಯಲ್ಲಿರುವ ‘ರಕ್ತದ ಕ್ಯಾನ್ಸರ್’ ಎಂಬುದೇ ನಿರ್ದುಷ್ಟವಾದುದು. ಗ್ರೀಕರು ಏಡಿಯೆಂದು ಕರೆದುದನ್ನು ಅನುಸರಿಸಿ ಕಟ್ಟಿದ ‘ಏಡಿಗಂತಿ’ಯು ಬಳಕೆಗೆ ಬರಲಿಲ್ಲ, ಅದಕ್ಕಾಗಿ ದುಃಖಿಸಬೇಕಾದುದಿಲ್ಲ.

ಎರಡನೆಯದು ಚಿಕಿತ್ಸೆಯ ಹೆಸರು. ರೋಗಿಯ ರಕ್ತದಿಂದ ಟಿ ಎಂಬ ಜಾತಿಯ ಬಿಳಿಯ ಜೀವಕೋಶಗಳನ್ನು ಬೇರ್ಪಡಿಸಿ, ನಿರ್ವಿಷಗೊಳಿಸಿದ ವೈರಸ್ಸಿನ ಮೂಲಕ ಅವುಗಳೊಳಕ್ಕೆ ಹೊಸ ಜೀನೊಂದನ್ನು ಸೇರಿಸಿ, ಹೊರಗೆ ಬೆಳೆಸಿ, ಮರಳಿ ರೋಗಿಯ ನರಕ್ಕೆ ಹನಿಸುವುದು ಈ ವಿಧಾನ. ಆ ಜೀನಿನ ಬಲದಿಂದ ಅವು ತಮ್ಮ ಮೈಮೇಲೆ ಒಂದು ಗ್ರಾಹಕವನ್ನು ತಳೆಯುತ್ತವೆ; ಅದು ಬಿ ಜಾತಿಯ ಕೋಶಗಳ ಮೇಲಿರುವ ಸಿ.ಡಿ. 19 ಎಂಬ ಗುರುತನ್ನು ಹಿಡಿದುಕೊಳ್ಳುತ್ತದೆ, ಹಿಡಿದ ಕೋಶವನ್ನು ಟಿ ಕೋಶವು ಕೊಲ್ಲುತ್ತದೆ. ಇಸ್ರೇಲಿನಲ್ಲಿ ಜೆಲಿಗ್ ಎಶ್ಹಾರ್ ಮತ್ತು ಅವರ ಸಂಗಡಿಗರು 1989ರಲ್ಲಿ ಇದರ ಮೂಲರೂಪವನ್ನು ಪ್ರಕಟಿಸಿದರು. ಅಮೆರಿಕೆಯಲ್ಲಿ 2017ರಲ್ಲಿ ಮೊದಲ ಅನುಮತಿ ದೊರೆಯಿತು. ಭಾರತದಲ್ಲಿ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಿಂದ ಸಿದ್ಧವಾದ ನೆಕ್ಸ್‌ಕಾರ್19 ಎಂಬುದಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣ ಮಾಡಿದರು. ಬೆಂಗಳೂರಿನಲ್ಲಿ 2019ರಲ್ಲಿ ಹುಟ್ಟಿದ ಇಮ್ಮುನೀಲ್ ಸಂಸ್ಥೆಯು ಬಾರ್ಸಿಲೋನಾ ನಗರದ ಆಸ್ಪತ್ರೆಯೊಂದರ ವಿಧಾನವನ್ನು ತಂದು, ಇಲ್ಲಿಯೇ ಪ್ರಯೋಗ ನಡೆಸಿ, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಿಂದ ಬಳಕೆಗೆ ಬಿಟ್ಟಿತು.

ಇದನ್ನು ‘ರೋಗನಿರೋಧಕ ಚಿಕಿತ್ಸೆ’ಯೆಂದು ಬರೆಯುವುದು ವಾಡಿಕೆ. ‘ನಿರೋಧ’ವೆಂದರೆ ತಡೆ, ಬಾರದಂತೆ ತಡೆಯುವುದು ಲಸಿಕೆಯ ಕೆಲಸ. ಬಂದ ರೋಗವನ್ನು ಎದುರಿಸುವುದಕ್ಕೆ ಈ ಶಬ್ದವು ಸಾಲದು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ‘ವ್ಯಾಧಿಕ್ಷಮತ್ವ’ವೆಂಬ ಮಾತು ಬರುತ್ತದೆ, ಎಲ್ಲ ಶರೀರಗಳೂ ಅದರಲ್ಲಿ ಸಮಾನವಲ್ಲವೆಂದು ಅಲ್ಲಿಯ ಅಭಿಪ್ರಾಯ. ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ಅದನ್ನು ಇಬ್ಬಗೆಯಾಗಿ ವಿವರಿಸಿದನು: ಹುಟ್ಟಿದ ವ್ಯಾಧಿಯ ಬಲವನ್ನು ವಿರೋಧಿಸುವುದು ಒಂದು, ವ್ಯಾಧಿಯ ಹುಟ್ಟನ್ನೇ ಪ್ರತಿಬಂಧಿಸುವುದು ಇನ್ನೊಂದು. ಇಂದಿನ ಬರವಣಿಗೆಯು ಎರಡನೆಯ ಅರ್ಥವನ್ನು ಉಳಿಸಿಕೊಂಡು ಮೊದಲನೆಯದನ್ನು ಬಿಟ್ಟುಬಿಟ್ಟಿತು. ಪ್ರಕೃತ ಚಿಕಿತ್ಸೆಗೆ ಬೇಕಾದುದು ಮೊದಲನೆಯದೇ. ಪ್ರಾಚೀನರು ಟಿ ಕೋಶವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಹೇಳಬೇಕಾದುದಿಷ್ಟೇ, ಅವರು ಶಬ್ದವನ್ನು ವಿಂಗಡಿಸಿ ಬಳಸಿದರು.

‘ಕೋಶ’ವೆಂಬ ಶಬ್ದವನ್ನು ಕುರಿತು ಒಂದು ಮಾತು ಸಾಕು. ‘ಕಣ’ವೆಂದರೆ ನುಚ್ಚು, ಧೂಳು, ಅದಕ್ಕೆ ಜೀವವಿಲ್ಲ. ಕೋಶವೆಂದರೆ ಒರೆ, ಹೊದಿಕೆ, ಒಳಗೊಂದನ್ನು ಇಟ್ಟುಕೊಂಡಿರುವುದು. ರೇಷ್ಮೆಯ ಹುಳುವಿನ ಗೂಡಿಗೂ ಸಂಸ್ಕೃತದಲ್ಲಿ ಕೋಶವೆಂದೇ ಹೆಸರು. ಪಾಣಿನಿಯು ಅದರಿಂದಲೇ ‘ಕೌಶೇಯ’ವನ್ನು ಸಾಧಿಸಿದನು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿಬಿದ್ದಿರುವ ಗೂಡುಗಳನ್ನು ನೋಡಿದವನಿಗೆ ಜೀವಕೋಶವೆಂದರೇನೆಂಬುದನ್ನು ಹೇಳಿಕೊಡುವುದು ಕಷ್ಟವಲ್ಲ. ಈ ಶಬ್ದವು ನಿಲ್ಲತಕ್ಕದ್ದು.

ಇನ್ನು ಜಾಡು ಹಿಡಿಯುವ ವಿಷಯ. ಇಲ್ಲಿಯ ಗೊಂದಲವು ಹೆಸರಿನದಲ್ಲ, ಎರಡು ಬೇರೆ ಕಾರ್ಯಗಳನ್ನು ಒಂದಾಗಿ ಹೇಳುವುದರದು. ಚಿಕಿತ್ಸೆ ಪಡೆದ ರೋಗಿಗೆ ಆಸ್ಪತ್ರೆಯಲ್ಲಿ ಮಾಡುವ ಪೆಟ್ ಸ್ಕ್ಯಾನು ಗಡ್ಡೆಯ ಸ್ಥಿತಿಯನ್ನು ತಿಳಿಯುವುದಕ್ಕಾಗಿ. ಕೊಟ್ಟ ಟಿ ಕೋಶಗಳನ್ನು ಅದು ತೋರಿಸುವುದಿಲ್ಲ. ಆ ಕೋಶಗಳ ಲೆಕ್ಕವನ್ನು ರಕ್ತಪರೀಕ್ಷೆಯಿಂದ ತಿಳಿಯುತ್ತಾರೆ. ರಕ್ತದಲ್ಲಿ ಎಷ್ಟಿವೆಯೆಂಬುದು ಗೊತ್ತಾದರೂ ಗಡ್ಡೆಯಲ್ಲಿ ಎಷ್ಟಿವೆಯೆಂಬುದು ಅದರಿಂದ ಗೊತ್ತಾಗದು. ಕೋಶಗಳನ್ನೇ ಚಿತ್ರದಲ್ಲಿ ಹಿಡಿಯುವುದು ಇನ್ನೂ ಸಂಶೋಧನೆಯ ಹಂತದಲ್ಲಿರುವ ವಿದ್ಯೆ. ‘ಕೋಶಗಳು ಕ್ಯಾನ್ಸರನ್ನು ಬೆನ್ನಟ್ಟುವುದನ್ನು ವೈದ್ಯರು ಪರದೆಯ ಮೇಲೆ ನೋಡುತ್ತಾರೆ’ ಎಂಬಂಥ ವಾಕ್ಯವನ್ನು ಓದಿದ ರೋಗಿಯು ತನ್ನ ಸ್ಕ್ಯಾನಿನಲ್ಲಿಯೂ ಅದನ್ನೇ ನಿರೀಕ್ಷಿಸಿದರೆ ತಪ್ಪು ಅವನದಲ್ಲ.

ಆ ವಿದ್ಯೆಯಾದರೂ ಎರಡು ತೆರನಾದುದು. ಕನಕಪುರದ ಕಾಡಂಚಿನವರಿಗೆ ಇದನ್ನು ಆನೆಯ ಉದಾಹರಣೆಯಿಂದ ಹೇಳಬಹುದು. ಹೊಲಕ್ಕೆ ಆನೆ ಬಂದಿತ್ತೆಂಬುದನ್ನು ಅವರು ಹೆಜ್ಜೆಯಿಂದಲೂ ಲದ್ದಿಯಿಂದಲೂ ಅರಿಯುತ್ತಾರೆ. ಅರಣ್ಯ ಇಲಾಖೆಯವರು ಹಾಸನ, ಕೊಡಗಿನ ಕಡೆಗಳಲ್ಲಿ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ ಅವು ಈಗ ಎಲ್ಲಿವೆಯೆಂಬುದನ್ನು ಅರಿಯುತ್ತಾರೆ. ಜೀವಕೋಶವನ್ನು ಹೊರಗೆ ತೆಗೆದಾಗ ಅದಕ್ಕೆ ಇಂಡಿಯಮ್ 111, ಜಿರ್ಕೋನಿಯಮ್ 89 ಮೊದಲಾದ ವಿಕಿರಣ ಧಾತುವನ್ನಾಗಲಿ, ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಹುಡಿಯನ್ನಾಗಲಿ ಸೇರಿಸಿ ಒಳಕ್ಕೆ ಬಿಡುವುದು ಈ ಪಟ್ಟಿ ಕಟ್ಟುವ ಕ್ರಮ. ಇದರ ಉಪಯೋಗಕ್ಕೆ ನೆದರ್ಲೆಂಡಿನ ನೈಮೇಗನ್ ನಗರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಒಳ್ಳೆಯ ಸಾಕ್ಷಿ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 8 ಜನ ರೋಗಿಗಳಿಗೆ, ಟಿ ಕೋಶಗಳಿಗೆ ಶತ್ರುವಿನ ಗುರುತನ್ನು ಕಲಿಸುವ ಡೆಂಡ್ರಿಟಿಕ್ ಕೋಶಗಳನ್ನು ದುಗ್ಧಗ್ರಂಥಿಯೊಳಕ್ಕೆ ಸೂಜಿಯಿಂದ ಕೊಡಲಾಯಿತು. ಸೂಜಿಯನ್ನು ಅಲ್ಟ್ರಾಸೌಂಡಿನ ಸಹಾಯದಿಂದ ನೋಡಿ ನೋಡಿಯೇ ಚುಚ್ಚಿದ್ದರು. ಆದರೂ ಎಂ.ಆರ್.ಐ.ಯಿಂದ ಪರೀಕ್ಷಿಸಿದಾಗ ಅವರಲ್ಲಿ ಅರ್ಧದಷ್ಟು ಜನರಲ್ಲಿ ಮದ್ದು ಗ್ರಂಥಿಯೊಳಗೆ ಸೇರದೆ ಪಕ್ಕಕ್ಕೆ ಬಿದ್ದಿದ್ದುದು ತಿಳಿದುಬಂತು. ಚಿಕಿತ್ಸೆಯು ಫಲಿಸದಿದ್ದರೆ ಮದ್ದಿನ ದೋಷವೆಂದು ಹೇಳಿಬಿಡುತ್ತಿದ್ದ ಸಂದರ್ಭಗಳಲ್ಲಿ, ಮದ್ದು ಮನೆಯನ್ನೇ ಮುಟ್ಟಿರಲಿಲ್ಲವೆಂಬ ಮೂರನೆಯ ಸಾಧ್ಯತೆಯು ಹೀಗೆ ಬೆಳಕಿಗೆ ಬಂತು.

ಪಟ್ಟಿಯ ದೋಷವೂ ಉಂಟು. ಆನೆಯು ಪಟ್ಟಿಯನ್ನು ಕಳಚಿಕೊಂಡು ಹೋದರೂ ಪಟ್ಟಿಯು ಕೂಗುತ್ತಲೇ ಇರುವುದು. ಹಾಗೆಯೇ ಗುರುತಿಟ್ಟ ಕೋಶವು ಸತ್ತು, ಅದನ್ನು ಶರೀರದ ಬೇರೊಂದು ಕೋಶವು ನುಂಗಿದರೆ, ಕಬ್ಬಿಣದ ಹುಡಿಯ ಸಂಕೇತವು ನುಂಗಿದವನ ಹೊಟ್ಟೆಯಿಂದ ಬರುವುದು. ಕೋಶವು ಬದುಕಿ ಎರಡಾಗಿ, ನಾಲ್ಕಾಗಿ ಒಡೆದರೆ ಗುರುತು ಪ್ರತಿಸಾರಿಯೂ ಅರ್ಧಕ್ಕೆ ಇಳಿಯುವುದು. ಹಸುವಿಗೆ ಹಾಕಿದ ಬರೆಯು ಕರುವಿಗೆ ಬರುವುದಿಲ್ಲವಷ್ಟೆ. ಇದಕ್ಕೆ ಪರಿಹಾರವಾಗಿ ಕೋಶದ ಜೀನಿನಲ್ಲಿಯೇ ಗುರುತನ್ನಿಡುವ ಎರಡನೆಯ ಕ್ರಮವು ಹುಟ್ಟಿತು. ಹರ್ಪಿಸ್ ವೈರಸ್ಸಿನ ಕಿಣ್ವವೊಂದರ ಜೀನನ್ನು ಕೋಶಕ್ಕೆ ಸೇರಿಸಿದರೆ, ಆ ಕಿಣ್ವವಿರುವ ಕೋಶದಲ್ಲಿ ಮಾತ್ರ ಸಿಕ್ಕಿಬೀಳುವ ವಿಕಿರಣವಸ್ತುವನ್ನು ಆಮೇಲೆ ಬೇಕಾದಾಗ ಕೊಟ್ಟು ಚಿತ್ರ ತೆಗೆಯಬಹುದು. ಇದು ಬರೆಯಲ್ಲ, ತಳಿಲಕ್ಷಣ. ಮಾಗಡಿಯ ಹಳ್ಳಿಕಾರ್ ಹಸುವಿನ ಕೊಂಬಿನ ಓರೆಯು ಕರುವಿಗೂ ಬರುವಂತೆ ಈ ಗುರುತು ಮರಿಕೋಶಗಳಿಗೂ ಬರುತ್ತದೆ. ಸತ್ತ ಕೋಶವು ಕಿಣ್ವವನ್ನು ಮಾಡಲಾರದಾದುದರಿಂದ ಜೀವಂತವಾಗಿರುವುದೇ ತೋರುತ್ತದೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು ಮಿದುಳಿನ ಗ್ಲಯೋಮಾ ಎಂಬ ಗಡ್ಡೆಯಿದ್ದ 7 ಜನರಲ್ಲಿ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಅವರು ಕೋಶಗಳನ್ನು ಕೊಡುವುದಕ್ಕೆ ಮೊದಲೂ ಕೊಟ್ಟ ಮೇಲೂ ಚಿತ್ರ ತೆಗೆದು ಹೋಲಿಸಿದುದು ಗಮನಾರ್ಹ. ಏಕೆಂದರೆ ಕೋಶಗಳಿಲ್ಲದಿರುವಾಗಲೂ ಗಡ್ಡೆಯ ಎಡೆಯಲ್ಲಿ ಸ್ವಲ್ಪ ಬೆಳಕು ಇದ್ದೇ ಇರುತ್ತದೆ. ಅನ್ವಯದೊಡನೆ ವ್ಯತಿರೇಕವನ್ನೂ ನೋಡಿದಲ್ಲದೆ ಹೇತುವು ನಿಲ್ಲುವುದಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟಾದ ಮೇಲೆ ‘ಕಾಣು’ವಿಗೆ ಬರಬಹುದು. ಕನ್ನಡದ ಈ ಕ್ರಿಯಾಪದಕ್ಕೆ ನೋಡುವವನ ಕಡೆಯಿಂದ ಒಂದರ್ಥ, ನೋಡಲ್ಪಡುವ ವಸ್ತುವಿನ ಕಡೆಯಿಂದ ಇನ್ನೊಂದರ್ಥ. ‘ಬೆಟ್ಟವನ್ನು ಕಂಡನು’, ‘ಬೆಟ್ಟ ಕಾಣುತ್ತದೆ’. ಎರಡರಲ್ಲಿಯೂ ಕಣ್ಣಿಗೂ ವಸ್ತುವಿಗೂ ನೇರವಾದ ಸಂಬಂಧವಿದೆಯೆಂಬ ಭಾವ ಅಡಗಿದೆ. ‘ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣುತ್ತದೆ’ ಎಂದಾಗ ಆ ಭಾವವು ಹಾಗೆಯೇ ಒಳಕ್ಕೆ ನುಸುಳುತ್ತದೆ. ಸ್ಕ್ಯಾನೆಂಬ ಒಂದೇ ಹೆಸರಿನಲ್ಲಿ ಅಡಗಿರುವ ಯಂತ್ರಗಳಾದರೂ ಒಂದೇ ಬಗೆಯವಲ್ಲ. ಕ್ಷಕಿರಣವು ಕೊಡುವುದು ನೆರಳು. ಅಲ್ಟ್ರಾಸೌಂಡು ಕೊಡುವುದು ಮಾರ್ದನಿ. ಎಂ.ಆರ್.ಐ.ಯು ಶರೀರದ ನೀರಿನಲ್ಲಿರುವ ಹೈಡ್ರೊಜನ್ನಿನ ಮರುನುಡಿ. ಪೆಟ್ ಎಂಬುದು, ರೋಗಿಗೆ ಕೊಟ್ಟ ವಿಕಿರಣಸಕ್ಕರೆಯು ಒಳಗೆ ಕ್ಷಯಿಸುವಾಗ ಎದುರುಬದುರಾಗಿ ಚಿಮ್ಮುವ ಕಿರಣದ ಜೋಡಿಗಳನ್ನು ಎಣಿಸಿದ ಲೆಕ್ಕ. ಆ ಲೆಕ್ಕವನ್ನು ಗಣಕಯಂತ್ರವು ಕೆಂಪು ಹಳದಿಗಳಾಗಿ ಬರೆಯುತ್ತದೆ. ಚನ್ನಪಟ್ಟಣದ ಬೊಂಬೆಯ ಬಣ್ಣವು ಆಲೆಮರದ್ದಲ್ಲ, ತಿರುಗುವ ಮರಕ್ಕೆ ಒತ್ತಿದ ಅರಗಿನದು. ಪೆಟ್ ಚಿತ್ರದ ಕೆಂಪೂ ಮಾಂಸದ್ದಲ್ಲ. ಅದನ್ನು ನೋಡಿ ರೋಗಿಯ ಮನೆಯವರು ಒಳಗೆ ಉರಿಯುತ್ತಿದೆಯೆಂದು ಹೌಹಾರುವುದುಂಟು.

ಫ್ಲೋರಿನ್ 18 ಸೇರಿದ ಆ ಸಕ್ಕರೆಯನ್ನು ಮನುಷ್ಯರಲ್ಲಿ ಮೊದಲು ಪ್ರಯೋಗಿಸಿದುದು 1976ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ. ಸುಮಾರು 110 ನಿಮಿಷಗಳಲ್ಲಿ ಅದರ ವಿಕಿರಣವು ಅರ್ಧಕ್ಕೆ ಇಳಿಯುತ್ತದೆ. ಕ್ಯಾನ್ಸರಿನ ಕೋಶಗಳು ಸಕ್ಕರೆಯನ್ನು ಬಹಳವಾಗಿ ಹೀರುವುದರಿಂದ ಅವಿರುವೆಡೆಯಲ್ಲಿ ಲೆಕ್ಕ ಹೆಚ್ಚುತ್ತದೆ. ಇಲ್ಲಿ ಪ್ರತ್ಯಕ್ಷವಾದುದು ಲೆಕ್ಕ. ಸಕ್ಕರೆಯ ಸಂಗ್ರಹವು ಅದರಿಂದ ಅನುಮಿತವಾದುದು. ಕ್ಯಾನ್ಸರ್ ಎಂಬುದು ಆ ಅನುಮಾನದ ಮೇಲೆ ನಿಂತ ಇನ್ನೊಂದು ಅನುಮಾನ. ತರ್ಕಶಾಸ್ತ್ರವನ್ನು ಆರಂಭಿಸುವ ಬಾಲಕನಿಗೂ ಗೊತ್ತಿರುವ ಬೆಟ್ಟದ ಹೊಗೆಯ ದೃಷ್ಟಾಂತವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಸಾವನದುರ್ಗದ ಮೇಲೆ ಮುಂಜಾನೆ ಕವಿದ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ಅದು ಅಸಿದ್ಧಹೇತು. ರೋಗಿಯು ಅಲುಗಾಡಿದುದರಿಂದ ಚಿತ್ರದಲ್ಲಿ ಮೂಡುವ ಸುಳ್ಳುಬೆಳಕು ಈ ಜಾತಿಯದು. ಇದಕ್ಕಿಂತ ಮುಖ್ಯವಾದ ದೋಷವು ಬೇರೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿ ಸೌದೆಯೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಸಕ್ಕರೆಯ ಬೆಳಕಿನಿಂದ ಕ್ಯಾನ್ಸರನ್ನು ಊಹಿಸುವವನು ಈ ಎರಡನೆಯ ತಪ್ಪನ್ನು ಮಾಡುತ್ತಾನೆ. ಕ್ಷಯರೋಗದ ಗ್ರಂಥಿಯೂ ಸಕ್ಕರೆಯನ್ನು ಹೀರಿ ಬೆಳಗುತ್ತದೆ; ಮಿದುಳು ಸದಾ ಬೆಳಗುತ್ತಿರುತ್ತದೆ; ದುಡಿದ ಸ್ನಾಯುವೂ ಬೆಳಗುತ್ತದೆ. ಕ್ಷಯವು ಮನೆಮಾಡಿಕೊಂಡಿರುವ ಈ ದೇಶದಲ್ಲಿ ಆ ಹೇತುವು ಸವ್ಯಭಿಚಾರವೆಂಬುದನ್ನು ಮರೆಯಲಾಗದು. ಆದುದರಿಂದಲೇ ವೈದ್ಯರು ಚೂರು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಲ್ಲದೆ ನಿರ್ಣಯ ಹೇಳುವುದಿಲ್ಲ.

ಟಿ ಕೋಶಗಳ ಚಿಕಿತ್ಸೆಯಲ್ಲಿ ಈ ವ್ಯಭಿಚಾರವು ಇನ್ನೂ ತೀವ್ರವಾಗುತ್ತದೆ, ಏಕೆಂದರೆ ಚಿಕಿತ್ಸೆಯೇ ಅದಕ್ಕೆ ಕಾರಣ. ಕೋಶಗಳು ಗಡ್ಡೆಯೊಳಕ್ಕೆ ನುಗ್ಗಿ ಹೋರಾಡುವಾಗ ಉರಿಯೂತದಿಂದ ಗಡ್ಡೆಯು ಊದಿಕೊಳ್ಳಬಹುದು, ಸಕ್ಕರೆಯನ್ನು ಹೆಚ್ಚಾಗಿ ಹೀರಬಹುದು. ಚಿತ್ರದಲ್ಲಿ ಗಡ್ಡೆ ಬೆಳೆದಂತಿರುತ್ತದೆ. ನಿಜವಾಗಿ ಅದು ಸಾಯುತ್ತಿರಬಹುದು, ಅಥವಾ ನಿಜವಾಗಿಯೂ ಬೆಳೆಯುತ್ತಿರಬಹುದು. ಒಂದೇ ಲಿಂಗವು ಎರಡು ವಿರುದ್ಧ ಸಾಧ್ಯಗಳಿಗೆ ಸಮನಾಗಿ ಸಲ್ಲುವ ಸ್ಥಿತಿ ಇದು. ವಿದೇಶದ ವೈದ್ಯರು ಇದಕ್ಕೆ ಒಂದು ಸ್ಥಾನವನ್ನೇ ಕಲ್ಪಿಸಿದರು. ಲಿಂಫೋಮಾ ರೋಗದ ವಿಷಯದಲ್ಲಿ 2016ರಲ್ಲಿ ‘ಅನಿರ್ಣೀತ’ವೆಂಬ ವರ್ಗವೂ, ಗಟ್ಟಿ ಗಡ್ಡೆಗಳ ವಿಷಯದಲ್ಲಿ 2017ರಲ್ಲಿ ‘ದೃಢಪಡದ ವೃದ್ಧಿ’ಯೆಂಬ ವರ್ಗವೂ ಏರ್ಪಟ್ಟುವು, ಎರಡನೆಯದರಲ್ಲಿ 4ರಿಂದ 8 ವಾರಗಳ ಮೇಲೆ ಮತ್ತೆ ಚಿತ್ರ ತೆಗೆದು ನಿಶ್ಚಯಿಸಬೇಕೆಂಬ ವಿಧಿಯುಂಟು. ಸಂಶಯವನ್ನು ಗೌತಮನು ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸಿದುದರ ಔಚಿತ್ಯವು ಇಲ್ಲಿ ಚೆನ್ನಾಗಿ ಪ್ರಕಟವಾಗುತ್ತದೆ. ಆದರೆ ಇದನ್ನು ಕನ್ನಡದಲ್ಲಿ ‘ಗಡ್ಡೆ ದೊಡ್ಡದಾಗಿ ಕಾಣುತ್ತಿದೆ’ ಎಂದುಬಿಟ್ಟರೆ ಸಂಶಯವೆಂಬ ಆ ಮೂರನೆಯ ಕೋಣೆಯೇ ಅಳಿಸಿಹೋಗುತ್ತದೆ. ಆ ಮಾತನ್ನು ಕೇಳಿದ ಮನೆಯವರು ಜಮೀನು ಮಾರಿದುದು ವ್ಯರ್ಥವಾಯಿತೆಂದು ರೋಗಿಯನ್ನು ಊರಿಗೆ ಕರೆದೊಯ್ದರೆ, ಆ ನಾಲ್ಕು ವಾರಗಳ ಅವಕಾಶವು ಒಂದು ಕ್ರಿಯಾಪದದಿಂದ ಕೈತಪ್ಪಿದಂತಾಯಿತು.

ಇದರ ವಿಪರ್ಯಯವೂ ಅಷ್ಟೇ ಹಾನಿಕರ. ‘ಈಗ ಏನೂ ಕಾಣುತ್ತಿಲ್ಲ’ ಎಂಬುದನ್ನು ಕೇಳಿದವರು ‘ಏನೂ ಇಲ್ಲ’ವೆಂದು ಗ್ರಹಿಸುತ್ತಾರೆ. ಅಭಾವವು ಹೇಗೆ ತಿಳಿಯುವುದೆಂಬ ವಿಷಯದಲ್ಲಿ ನೈಯಾಯಿಕರಿಗೂ ಭಾಟ್ಟಮೀಮಾಂಸಕರಿಗೂ ವಾದವಿದ್ದರೂ ಒಂದು ಅಂಶದಲ್ಲಿ ಇಬ್ಬರಿಗೂ ಒಪ್ಪಿಗೆಯುಂಟು: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿರುವಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಧಕ. ನೆಲದ ಮೇಲೆ ಕೊಡವಿಲ್ಲವೆಂಬುದನ್ನು ಹಗಲಿನಲ್ಲಿ ಹೇಳಬಹುದು, ಕತ್ತಲಲ್ಲಿ ಹೇಳಲಾಗದು. ಪೆಟ್ ಯಂತ್ರವು ಕೆಲವು ಮಿಲಿಮೀಟರುಗಳಿಗಿಂತ ಸಣ್ಣದಾದ ರೋಗಶೇಷವನ್ನು ಹಿಡಿಯಲಾರದು. ಅಷ್ಟರಲ್ಲಿಯೇ ಲಕ್ಷೋಪಲಕ್ಷ ಕೋಶಗಳು ಅಡಗಿರಬಹುದು. ಸುಶ್ರುತನು ಭಯಪಟ್ಟ ಶೇಷವು ಇರುವುದು ಈ ಕತ್ತಲಲ್ಲಿಯೇ. ಒಂದು ತಿಂಗಳಿಗೆ, ಮೂರು ತಿಂಗಳಿಗೆ ಎಂದು ವೈದ್ಯರು ಮತ್ತೆ ಮತ್ತೆ ಬರಹೇಳುವುದು ಇದಕ್ಕಾಗಿ. ‘ಇಲ್ಲವಂತೆ’ ಎಂದು ತಿಳಿದವನು ರಾಗಿಯ ಕೊಯ್ಲನ್ನು ಬಿಟ್ಟು ಏಕೆ ಬಂದಾನು?

ಇಂಥ ಅನುಮಾನಪರಂಪರೆಯು ಹಳ್ಳಿಯವರ ಬುದ್ಧಿಗೆ ನಿಲುಕದೆಂಬ ಆಕ್ಷೇಪವನ್ನು ಕೆಲವರು ಮಾಡುವರು. ಆಕ್ಷೇಪವು ನಿರಾಧಾರವಾದುದು. ರೇಷ್ಮೆಹುಳುವಿಗೆ ಬರುವ ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. 1865ರಿಂದ 1870ರ ವರೆಗೆ ಫ್ರಾನ್ಸಿನಲ್ಲಿ ದುಡಿದು ಪಾಸ್ತರನು ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ನೆಲೆಗೊಳಿಸಿದನು. ಮಾಗಡಿ, ಕುಣಿಗಲ್ ಕಡೆಗಳು ಮೈಸೂರು ತಳಿಯ ಬಿತ್ತನೆಗೂಡಿನ ಸೀಮೆ. ಅಲ್ಲಿಯ ರೈತನು ರೋಗರಹಿತ ಮೊಟ್ಟೆಯೆಂದು ಚೀಟಿಯಂಟಿಸಿದುದನ್ನು ಕೊಳ್ಳುವಾಗ, ಪರೀಕ್ಷೆಯಾದುದು ಮೊಟ್ಟೆಯಲ್ಲ, ತಾಯಿ ಎಂಬುದನ್ನು ಬಲ್ಲನು. ತಾಯಿಯಲ್ಲಿ ಕಂಡಿಲ್ಲ, ಆದುದರಿಂದ ಮೊಟ್ಟೆಯಲ್ಲಿ ಇರಲಾರದು, ಆದರೂ ಹುಳು ಎರಡನೆಯ ಜ್ವರಕ್ಕೆ ಬಂದಾಗ ಇನ್ನೊಮ್ಮೆ ನೋಡಬೇಕು ಎಂದು ಅವನು ತರ್ಕಿಸುತ್ತಾನೆ. ಇಷ್ಟು ಬಲ್ಲವನಿಗೆ ಪೆಟ್ ಚಿತ್ರದ ಸಂಶಯವನ್ನು ತಿಳಿಸಲಾಗದೆಂದರೆ ಕುಂದು ತಿಳಿಸುವವನದು.

ಅಷ್ಟೇ ಅಲ್ಲ, ಈ ಸೀಮೆಯ ಜನರ ಮಾತಿನಲ್ಲಿಯೇ ಪಂಡಿತರ ಗದ್ಯದಲ್ಲಿಲ್ಲದ ಒಂದು ವಿವೇಕವಿದೆ. ಅವರು ‘ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡಿತು’ ಎಂದು ಹೇಳುವುದು ಅಪೂರ್ವ; ‘ಸ್ಕ್ಯಾನಿಂಗಿನಲ್ಲಿ ಗಡ್ಡೆ ಐತೆ ಅಂತ ಬಂದೈತೆ’ ಎನ್ನುತ್ತಾರೆ. ‘ಅಂತ’ ಎಂಬ ಅವ್ಯಯವು ಅದು ಇನ್ನೊಬ್ಬರ ಮಾತೆಂಬುದನ್ನೂ, ‘ಬಂದೈತೆ’ ಎಂಬುದು ಅದು ತಮ್ಮ ಕಣ್ಣಿಗೆ ಕಂಡುದಲ್ಲ, ಬಂದು ಸೇರಿದ ವರ್ತಮಾನವೆಂಬುದನ್ನೂ ತಿಳಿಸುತ್ತವೆ. ಪ್ರತ್ಯಕ್ಷವಲ್ಲದುದನ್ನು ಶಬ್ದಪ್ರಮಾಣದ ಸ್ಥಾನದಲ್ಲಿ ಇಟ್ಟು ಆಡಿದ ಮಾತಿದು. ‘ತೋರು’ ಎಂಬುದನ್ನು ಈ ಅರ್ಥದಲ್ಲಿ ಬಳಸಬಹುದಿತ್ತು. ಆದರೆ ವೇದಾಂತದ ಬಳಕೆಯಿಂದ ತೋರಿಕೆಯೆಂದರೆ ಮಿಥ್ಯೆಯೆಂಬ ಅರ್ಥವು ಅಂಟಿಕೊಂಡಿರುವುದರಿಂದ, ರೋಗಿಯು ಚಿತ್ರವೇ ಸುಳ್ಳೆಂದು ತಿಳಿದಾನು. ‘ಎಂದು ಬಂದಿದೆ’, ‘ಎಂದು ಊಹೆಗೆ ಬರುತ್ತದೆ’, ‘ಈ ಯಂತ್ರಕ್ಕೆ ಸಿಗುವಷ್ಟು ದೊಡ್ಡದು ಉಳಿದಿಲ್ಲ’ ಎಂಬ ಮೂರು ಪ್ರಯೋಗಗಳು ಬಹುಮಟ್ಟಿಗೆ ಸಾಕಾಗುತ್ತವೆ.

ತಿಳಿವಳಿಕೆಪತ್ರಗಳಲ್ಲಿ ಸಾಮಾನ್ಯವಾಗಿರುವ ಮಾದರಿಯ ಒಂದು ವಾಕ್ಯವನ್ನು ತಿದ್ದಿ ನೋಡಬಹುದು. ‘ಚಿಕಿತ್ಸೆಯ ನಂತರ ಕ್ಯಾನ್ಸರ್ ಹೋಗಿದೆಯೇ ಎಂಬುದನ್ನು ಸ್ಕ್ಯಾನಿನಲ್ಲಿ ನೋಡಲಾಗುವುದು’ ಎಂಬುದಕ್ಕೆ ಬದಲಾಗಿ, ‘ಚಿಕಿತ್ಸೆಯಾದ ಮೇಲೆ ಸಕ್ಕರೆಯ ಸ್ಕ್ಯಾನು ಮಾಡಿ, ಬೆಳಕು ಕಡಮೆಯಾಗಿದೆಯೇ ಹೆಚ್ಚಿದೆಯೇ ಎಂದು ಅಳೆಯುತ್ತಾರೆ, ಹೆಚ್ಚಿದ್ದರೆ ಅದು ರೋಗದಿಂದಲೋ ಮದ್ದಿನ ಕೆಲಸದಿಂದಲೋ ಎಂಬುದು ಕೆಲವು ವಾರಗಳ ಮೇಲೆ ಇನ್ನೊಮ್ಮೆ ಮಾಡಿದಾಗ ಗೊತ್ತಾಗುತ್ತದೆ, ಆ ವರೆಗೆ ಊರಿಗೆ ಹೋದರೂ ವೈದ್ಯರು ಹೇಳಿದ ದಿನಕ್ಕೆ ಹಿಂದಿರುಗಬೇಕು’ ಎಂದು ಬರೆಯಬಹುದು. ಇದು ಮೊದಲಿನದಕ್ಕಿಂತ ಮೂರು ನಾಲ್ಕು ಪಾಲು ಉದ್ದವಾಯಿತೆಂಬುದು ನಿಜ. ಅಂಥ ಪತ್ರಗಳಲ್ಲಿ ಸಂಸ್ಥೆಯ ಮುದ್ರೆಗೂ ಅಲಂಕಾರಕ್ಕೂ ಬಿಟ್ಟಿರುವ ಜಾಗದಲ್ಲಿ ಇಷ್ಟು ಸಾಲುಗಳು ಸುಖವಾಗಿ ಹಿಡಿಸುತ್ತವೆ.